ಜಾವಾಸ್ಕ್ರಿಪ್ಟ್: ಕೋರಿಕೆ ಈಗ, ಉತ್ತರ ಆಮೇಲೆ

ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಲು ಅಂದು ಕಡೆಯ ದಿನ ಎಂದಿಟ್ಟುಕೊಳ್ಳೋಣ. ತಾಲ್ಲೂಕು ಕೇಂದ್ರದ ಸೈಬರ್ ಸೆಂಟರಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಗಂಟೆಗಟ್ಟಲೆ ಕುಳಿತು ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆಯ ವಿವರಗಳನ್ನೆಲ್ಲ ತುಂಬಿ 'ಸಲ್ಲಿಸಿ' ಎಂಬ ಗುಂಡಿಯನ್ನು ಒತ್ತುತ್ತಾಳೆ. ಪರದೆಯ ಮೇಲೆ ಚಕ್ರವೊಂದು ಕೆಲವು ಕ್ಷಣ ತಿರುಗಿ, 'ನಿಮ್ಮ ಅರ್ಜಿ ಸ್ವೀಕೃತವಾಗಿದೆ' ಎಂಬ ಹಸಿರು ಅಕ್ಷರಗಳು ಮೂಡುತ್ತವೆ. ಆಕೆ ನೆಮ್ಮದಿಯಿಂದ ಬಸ್ಸು ಹತ್ತಿ ಊರಿಗೆ ಮರಳುತ್ತಾಳೆ. ತಿಂಗಳ ನಂತರ ವಿಚಾರಿಸಿದಾಗ ಆಕೆಯ ಹೆಸರಿನಲ್ಲಿ ಅರ್ಜಿಯೇ ಬಂದಿಲ್ಲವೆಂಬ ಉತ್ತರ ದೊರೆಯುತ್ತದೆ.

ಉದಾಹರಣೆ ಕಲ್ಪಿತ. ಆದರೆ ಅದರ ಹಿಂದಿರುವ ದೋಷ ಕಲ್ಪಿತವಲ್ಲ. ಜಾಲಪುಟವೊಂದು ಸರ್ವರ್‌ಗೆ ಕೋರಿಕೆ ಕಳುಹಿಸಿ, ಬಂದ ಉತ್ತರವನ್ನು ಸರಿಯಾಗಿ ಬರಮಾಡಿಕೊಳ್ಳದಿದ್ದರೆ ಇಂತಹ ಸುಳ್ಳು ಭರವಸೆ ಪರದೆಯ ಮೇಲೆ ಮೂಡಲು ಸಾಧ್ಯ. ಸರ್ವರ್ ಕೆಟ್ಟಿರಬಹುದು, ಅದು ತನ್ನ ಅಸಹಾಯಕತೆಯನ್ನು ಪ್ರಾಮಾಣಿಕವಾಗಿ ತಿಳಿಸಿಯೂ ಇರಬಹುದು. ಆ ಮಾತನ್ನು ಕೇಳಿಸಿಕೊಳ್ಳುವ ಕೆಲಸ ಪುಟದೊಳಗಿನ ಜಾವಾಸ್ಕ್ರಿಪ್ಟ್‌ನದು. ಆ ಕೆಲಸ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ಹೊಸದಾಗಿ ಈ ಭಾಷೆಯನ್ನು ಕಲಿಯುವವರು ಮೊದಲು ಎಡವುವ ಜಾಗಗಳಲ್ಲಿ ಇದೂ ಒಂದು. ಪಳಗಿದವರೂ ಆಗಾಗ ಎಡವುತ್ತಾರೆ.

ಹಿಟ್ಟಿನ ಗಿರಣಿಯ ಲೆಕ್ಕ

ಹಿಟ್ಟಿನ ಗಿರಣಿಗೆ ಜೋಳದ ಡಬ್ಬಿ ಒಯ್ದವರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ಗಿರಣಿಯಲ್ಲಿ ಡಬ್ಬಿ ಇಟ್ಟ ಮೇಲೆ ಎರಡು ದಾರಿಗಳಿವೆ. ಬೀಸಿ ಮುಗಿಯುವವರೆಗೆ ಅಲ್ಲಿಯೇ ನಿಂತಿರುವುದು ಒಂದು. ಡಬ್ಬಿಯನ್ನು ಸರದಿಯಲ್ಲಿಟ್ಟು, ಸಂತೆಯ ಕೆಲಸ ಮುಗಿಸಿಕೊಂಡು ಬಂದು ಹಿಟ್ಟು ಒಯ್ಯುವುದು ಇನ್ನೊಂದು. ಮೊದಲನೆಯದನ್ನು ಗಣಕ ಪರಿಭಾಷೆಯಲ್ಲಿ ಸಿಂಕ್ರೊನಸ್ ಎಂದೂ ಎರಡನೆಯದನ್ನು ಅಸಿಂಕ್ರೊನಸ್ ಎಂದೂ ಕರೆಯುತ್ತಾರೆ.

ಜಾಲಪುಟಕ್ಕೆ ಎರಡನೆಯ ದಾರಿಯೇ ಏಕೆ ಬೇಕು? ಪುಟದ ಜಾವಾಸ್ಕ್ರಿಪ್ಟ್ ಒಂಟಿ ಕೆಲಸಗಾರ. ಗುಂಡಿ ಒತ್ತಿದ್ದನ್ನು ಗಮನಿಸುವುದು, ಟೈಪ್ ಮಾಡಿದ ಅಕ್ಷರಕ್ಕೆ ಸ್ಪಂದಿಸುವುದು, ಪುಟದ ಭಾಗಗಳನ್ನು ಬದಲಿಸುವುದು ಎಲ್ಲವೂ ಅದೇ ಒಬ್ಬನ ಪಾಲಿಗೆ ಬಂದಿವೆ. ಆತ ಸರ್ವರಿನ ಬಾಗಿಲಲ್ಲಿ ಹತ್ತು ಸೆಕೆಂಡು ಕಾದು ನಿಂತರೆ ಅಷ್ಟು ಹೊತ್ತೂ ಪುಟ ಸ್ತಬ್ಧವಾಗುತ್ತದೆ. ಆದ್ದರಿಂದ ಜಾಲದ ಮೂಲಕ ಹೋಗಿಬರುವ ಕೆಲಸವನ್ನು ಬ್ರೌಸರ್ ಬೇರೆಡೆಯಿಂದ ಮಾಡಿಸುತ್ತದೆ. ಉತ್ತರ ಬಂದಾಗ 'ಇದನ್ನು ನೋಡಬೇಕಿದೆ' ಎಂದು ಸರದಿಯಲ್ಲಿ ಸೇರಿಸುತ್ತದೆ. ಒಂಟಿ ಕೆಲಸಗಾರ ಕೈಯಲ್ಲಿರುವ ಕೆಲಸ ಮುಗಿದ ನಂತರವಷ್ಟೇ ಸರದಿಯತ್ತ ತಿರುಗುತ್ತಾನೆ.

ಈ ಕಡೆಯ ವಾಕ್ಯದಲ್ಲಿಯೇ ಎಲ್ಲ ಗೊಂದಲದ ಬೇರಿದೆ. ಹೊಸಬರು ಬರೆಯುವ ಪ್ರೋಗ್ರಾಂ ಸಾಮಾನ್ಯವಾಗಿ ಹೀಗಿರುತ್ತದೆ: ಮೊದಲ ಸಾಲಿನಲ್ಲಿ 'ಫಲಿತಾಂಶ' ಎಂಬ ಖಾಲಿ ಪೆಟ್ಟಿಗೆ, ಎರಡನೆಯ ಸಾಲಿನಲ್ಲಿ ಸರ್ವರ್‌ಗೆ ಕೋರಿಕೆ, ಉತ್ತರ ಬಂದಾಗ ಪೆಟ್ಟಿಗೆಯನ್ನು ತುಂಬು ಎಂಬ ಸೂಚನೆ, ಮೂರನೆಯ ಸಾಲಿನಲ್ಲಿ ಪೆಟ್ಟಿಗೆಯಲ್ಲಿರುವುದನ್ನು ಪುಟದಲ್ಲಿ ತೋರಿಸು. ಓಡಿಸಿದರೆ ಪರದೆಯ ಮೇಲೆ ಕಾಣುವುದು 'ಅನ್‌ಡಿಫೈನ್ಡ್' ಎಂಬ ಒಂದೇ ಪದ. ಡಬ್ಬಿಯನ್ನು ಗಿರಣಿಯವನ ಮುಂದಿಟ್ಟ ಮರುಕ್ಷಣವೇ 'ಹಿಟ್ಟೆಲ್ಲಿ?' ಎಂದು ಕೇಳಿದಂತಾಯಿತು. ಎರಡನೆಯ ಸಾಲು ಕೋರಿಕೆ ಕಳುಹಿಸಿದೆಯೇ ಹೊರತು ಉತ್ತರಕ್ಕಾಗಿ ಕಾದಿಲ್ಲ. ಸರ್ವರ್ ಎಷ್ಟೇ ವೇಗದ್ದಾಗಿರಲಿ, ಮೂರನೆಯ ಸಾಲು ಮುಗಿಯದೆ ಪೆಟ್ಟಿಗೆ ತುಂಬುವ ಕೆಲಸ ಆರಂಭವೇ ಆಗುವುದಿಲ್ಲ.

ಇದಕ್ಕೆ ಹಲವರು ಕಂಡುಕೊಳ್ಳುವ ಪರಿಹಾರಗಳು ರೋಗಕ್ಕಿಂತ ಕೆಟ್ಟವು. ಪೆಟ್ಟಿಗೆ ತುಂಬುವವರೆಗೆ ಸುತ್ತುತ್ತಿರು ಎಂದು ಲೂಪ್ ಬರೆಯುವವರಿದ್ದಾರೆ. ಆ ಲೂಪ್ ಎಂದಿಗೂ ನಿಲ್ಲದು. ಪೆಟ್ಟಿಗೆಯನ್ನು ತುಂಬಬೇಕಾದ ಕೆಲಸಗಾರನೇ ಲೂಪಿನೊಳಗೆ ಸುತ್ತುತ್ತಿರುವಾಗ ಸರದಿಯನ್ನು ನೋಡುವವರು ಯಾರು? ಇನ್ನು ಕೆಲವರು 'ಎರಡು ಸೆಕೆಂಡು ತಡೆದು ತೋರಿಸು' ಎಂಬ ಉಪಾಯ ಹೂಡುತ್ತಾರೆ. ವೇಗದ ಸಂಪರ್ಕವಿರುವ ಕಚೇರಿಯಲ್ಲಿ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಸಿಗ್ನಲ್ ಒಂದೇ ಗೆರೆ ತೋರಿಸುವ ಊರಿನಲ್ಲಿ ಉತ್ತರ ಮೂರನೆಯ ಸೆಕೆಂಡಿಗೆ ಬಂದರೆ ಪುಟ ಮತ್ತೆ ಖಾಲಿ. ದೋಷ ಕಾಣುವುದು ಬಳಕೆದಾರನಿಗೆ ಮಾತ್ರ, ಬರೆದವನಿಗೆ ಅಲ್ಲ.

ದೋಷ ಹುಡುಕಲು ಬ್ರೌಸರಿನ ಕನ್ಸೋಲನ್ನು ತೆರೆದವರಿಗೂ ಒಂದು ಮೋಸ ಕಾದಿರುತ್ತದೆ. ಖಾಲಿ ಇದ್ದಾಗಲೇ ಮುದ್ರಿಸಿದ ಪಟ್ಟಿಯನ್ನು ಕ್ರೋಮ್‌ನಂತಹ ಬ್ರೌಸರುಗಳಲ್ಲಿ ಆಮೇಲೆ ಬಿಡಿಸಿ ನೋಡಿದರೆ, ಬಿಡಿಸುವ ಹೊತ್ತಿಗೆ ಅದರಲ್ಲಿ ಏನಿದೆಯೋ ಅದು ಕಾಣುತ್ತದೆ. 'ಕನ್ಸೋಲಿನಲ್ಲಿ ಮಾಹಿತಿ ಇದೆ, ಪುಟದಲ್ಲೇಕೆ ಇಲ್ಲ?' ಎಂದು ತಲೆ ಕೆರೆದುಕೊಳ್ಳುವ ಪ್ರಸಂಗಗಳ ಹಿಂದೆ ಹೆಚ್ಚಾಗಿ ಇದೇ ಕಾರಣವಿರುತ್ತದೆ.

ಹೆಸರಿನಲ್ಲಿ ಉಳಿದ ಎಕ್ಸ್‌ಎಂಎಲ್

ಬ್ರೆಂಡನ್ ಐಕ್ ಅವರು ನೆಟ್‌ಸ್ಕೇಪ್ ಸಂಸ್ಥೆಯಲ್ಲಿ 1995ರ ಮೇ ತಿಂಗಳಲ್ಲಿ ಸುಮಾರು ಹತ್ತು ದಿನಗಳಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ಸಿದ್ಧಪಡಿಸಿದಾಗ ಪುಟದೊಳಗಿಂದಲೇ ಸರ್ವರ್ ಜತೆ ಮಾತನಾಡುವ ವ್ಯವಸ್ಥೆ ಅದರಲ್ಲಿ ಇರಲಿಲ್ಲ. ಹೊಸ ಮಾಹಿತಿ ಬೇಕೆಂದರೆ ಇಡೀ ಪುಟವನ್ನೇ ಮತ್ತೆ ತರಿಸಬೇಕಿತ್ತು. ಮೈಕ್ರೋಸಾಫ್ಟ್ ಸಂಸ್ಥೆಯು ಔಟ್‌ಲುಕ್ ಅಂಚೆಯನ್ನು ಬ್ರೌಸರಿನಲ್ಲಿ ಓದುವಂತೆ ಮಾಡಲು ಹೊರಟಾಗ ಈ ಕೊರತೆ ಎದ್ದು ಕಂಡಿತು. ಆ ತಂಡ ರೂಪಿಸಿದ ಸೌಲಭ್ಯ 1999ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರೊಂದಿಗೆ ಹೊರಬಂತು. ಅದನ್ನು ಎಕ್ಸ್‌ಎಂಎಲ್‌ಗೆ ಸಂಬಂಧಿಸಿದ ತಂತ್ರಾಂಶ ಕಟ್ಟಿನೊಳಗೆ ಸೇರಿಸಿ ಕಳುಹಿಸಿದ್ದರಿಂದ 'ಎಕ್ಸ್‌ಎಂಎಲ್ ಎಚ್‌ಟಿಟಿಪಿ ರಿಕ್ವೆಸ್ಟ್' ಎಂಬ ಉದ್ದನೆಯ ಹೆಸರು ಅಂಟಿಕೊಂಡಿತು. ಎಕ್ಸ್‌ಎಂಎಲ್ ಬದಲು ಜೇಸನ್ ರೂಪದಲ್ಲಿ ಮಾಹಿತಿ ಸಾಗಿಸುವುದು ರೂಢಿಯಾದ ಮೇಲೂ ಹೆಸರು ಬದಲಾಗಲಿಲ್ಲ.

ಹಲವು ವರ್ಷ ಮೂಲೆಯಲ್ಲಿದ್ದ ಈ ಸೌಲಭ್ಯ ಜನರ ಕಣ್ಣಿಗೆ ಬಿದ್ದದ್ದು 2004ರ ಜಿಮೇಲ್, ಅದೇ ವರ್ಷಾಂತ್ಯದ ಗೂಗಲ್ ಸಜೆಸ್ಟ್ ಹಾಗೂ 2005ರ ಗೂಗಲ್ ಮ್ಯಾಪ್ಸ್ ಮೂಲಕ. ಪುಟ ಮತ್ತೆ ಮತ್ತೆ ಬೆಳ್ಳಗಾಗದೆ ನಕ್ಷೆ ಸರಿಯುವುದನ್ನು ಕಂಡು ಬೆರಗಾದವರು ಹಲವರು. ಜೆಸ್ಸಿ ಜೇಮ್ಸ್ ಗ್ಯಾರೆಟ್ ಅವರು 2005ರ ಫೆಬ್ರವರಿಯಲ್ಲಿ ಬರೆದ ಲೇಖನದಲ್ಲಿ ಈ ವಿಧಾನಕ್ಕೆ 'ಅಜಾಕ್ಸ್' ಎಂದು ನಾಮಕರಣ ಮಾಡಿದರು. ಮರುವರ್ಷ ಬಂದ ಜಾನ್ ರೆಸಿಗ್ ಅವರ ಜೇಕ್ವೆರಿ ಅದನ್ನು ಸಾಮಾನ್ಯ ಪ್ರೋಗ್ರಾಮರ್‌ಗಳ ಕೈಗೆಟಕುವಂತೆ ಮಾಡಿತು.

ಆ ದಿನಗಳಲ್ಲಿ ಉತ್ತರವನ್ನು ಬರಮಾಡಿಕೊಳ್ಳುವ ಪದ್ಧತಿ ಒಂದೇ: ಕಾಲ್‌ಬ್ಯಾಕ್. 'ಹಿಟ್ಟು ಸಿದ್ಧವಾದಾಗ ಈ ನಂಬರಿಗೆ ಫೋನ್ ಮಾಡಿ' ಎಂದು ಹೇಳಿ ಬರುವ ಕ್ರಮವಿದು. ಉತ್ತರ ಬಂದಾಗ ನಡೆಸಬೇಕಾದ ಫಂಕ್ಷನ್ನನ್ನು ಮೊದಲೇ ಬ್ರೌಸರಿಗೆ ಒಪ್ಪಿಸಲಾಗುತ್ತದೆ. ಬ್ರೌಸರ್ ಕೋರಿಕೆಯ ಸ್ಥಿತಿಯನ್ನು 0ಯಿಂದ 4ರವರೆಗಿನ ಅಂಕಿಯಲ್ಲಿ ತಿಳಿಸುತ್ತದೆ. 4 ಎಂದರೆ ವ್ಯವಹಾರ ಮುಗಿಯಿತು ಎಂದರ್ಥ. ಮುಗಿಯಿತು ಎಂದಷ್ಟೇ, ಯಶಸ್ವಿಯಾಯಿತು ಎಂದಲ್ಲ. ಯಶಸ್ಸನ್ನು ತಿಳಿಯಲು ಸರ್ವರ್ ಕೊಟ್ಟ ಸಂಕೇತ ಸಂಖ್ಯೆಯನ್ನು ಬೇರೆಯಾಗಿ ನೋಡಬೇಕು.

ಕಾಲ್‌ಬ್ಯಾಕ್‌ನೊಳಗೆ 'ರಿಟರ್ನ್' ಎಂದು ಬರೆದರೆ ಉತ್ತರ ಹೊರಗಿನ ಫಂಕ್ಷನ್ನಿಗೆ ಸಿಗುತ್ತದೆಂಬ ಭ್ರಮೆ ಬಹಳ ವ್ಯಾಪಕ. ಹೊರಗಿನ ಫಂಕ್ಷನ್ ಎಂದೋ ಮುಗಿದು ಹೋಗಿರುತ್ತದೆ. ಕಾಲ್‌ಬ್ಯಾಕನ್ನು ಕರೆದದ್ದು ಬ್ರೌಸರ್. ಹಿಂತಿರುಗಿಸಿದ್ದು ಅದರ ಕೈಗೇ ಹೋಗುತ್ತದೆ, ಅದಕ್ಕೆ ಅದು ಬೇಕಿಲ್ಲ. ಆದ್ದರಿಂದ ಉತ್ತರದಿಂದ ಮಾಡಬೇಕಾದ ಕೆಲಸವನ್ನೆಲ್ಲ ಕಾಲ್‌ಬ್ಯಾಕಿನ ಒಳಗೇ, ಅಥವಾ ಅದು ಕರೆಯುವ ಮತ್ತೊಂದು ಫಂಕ್ಷನ್ನಿನಲ್ಲಿ ಮಾಡಬೇಕು.

ಒಂದು ಕೋರಿಕೆಗೆ ಇದು ಸರಿ. ಜಿಲ್ಲೆಯ ಪಟ್ಟಿ ತಂದು, ಅದರಿಂದ ತಾಲ್ಲೂಕಿನ ಪಟ್ಟಿ, ಅದರಿಂದ ಶಾಲೆಗಳ ಪಟ್ಟಿ ಎಂದು ಒಂದರೊಳಗೊಂದು ಕಾಲ್‌ಬ್ಯಾಕ್ ಬರೆಯುತ್ತ ಹೋದರೆ ಸಾಲುಗಳು ಬಲಕ್ಕೆ ವಾಲುತ್ತ ಹೋಗುತ್ತವೆ. ಪ್ರತಿ ಹಂತದಲ್ಲೂ ತಪ್ಪು ಸಂಭವಿಸಿದರೆ ಏನೆಂಬುದನ್ನು ಪ್ರತ್ಯೇಕವಾಗಿ ಬರೆಯಬೇಕು. ರಯಾನ್ ಡಾಲ್ ಅವರು 2009ರಲ್ಲಿ ನೋಡ್‌ಜೆಎಸ್ ಹೊರತಂದು ಜಾವಾಸ್ಕ್ರಿಪ್ಟನ್ನು ಸರ್ವರಿಗೂ ಒಯ್ದ ನಂತರ ಈ ಕಷ್ಟ ಇಮ್ಮಡಿಸಿತು. ಪ್ರೋಗ್ರಾಮರ್‌ಗಳು ಇದಕ್ಕೆ ಇಟ್ಟ ಹೆಸರು 'ಕಾಲ್‌ಬ್ಯಾಕ್ ನರಕ'.

ಗಿರಣಿಯ ಚೀಟಿ

ಇದಕ್ಕೆ ಮದ್ದು ಹಳೆಯ ಸಂಶೋಧನೆಯಲ್ಲಿಯೇ ಇತ್ತು. ಬಾರ್ಬರಾ ಲಿಸ್ಕೋವ್ ಮತ್ತು ಲ್ಯೂಬಾ ಶ್ರೀರಾ ಅವರು 1988ರಲ್ಲಿಯೇ 'ಪ್ರಾಮಿಸ್' ಎಂಬ ಕಲ್ಪನೆಯನ್ನು ಕುರಿತು ಪ್ರಬಂಧ ಪ್ರಕಟಿಸಿದ್ದರು. ಹಲವು ತಂತ್ರಾಂಶ ಸಂಗ್ರಹಗಳಲ್ಲಿ ಬೇರೆ ಬೇರೆ ರೂಪದಲ್ಲಿ ಬಳಕೆಯಾಗಿ, 2015ರಲ್ಲಿ ಅದು ಜಾವಾಸ್ಕ್ರಿಪ್ಟಿನ ಅಧಿಕೃತ ಭಾಗವಾಯಿತು.

ಪ್ರಾಮಿಸ್ ಎಂಬುದು ಗಿರಣಿಯವನು ಕೊಡುವ ಚೀಟಿಯಿದ್ದಂತೆ. ಕೋರಿಕೆ ಕಳುಹಿಸಿದ ಕೂಡಲೇ ಚೀಟಿ ಕೈಗೆ ಬರುತ್ತದೆ. ಅದಕ್ಕೆ ಮೂರು ಸ್ಥಿತಿಗಳು: ಕೆಲಸ ಬಾಕಿ, ಕೆಲಸ ಆಯಿತು, ಕೆಲಸ ಕೆಟ್ಟಿತು. ಒಮ್ಮೆ ಆಯಿತು ಅಥವಾ ಕೆಟ್ಟಿತು ಎಂದಾದರೆ ಮತ್ತೆ ಬದಲಾಗದು. ಚೀಟಿಯನ್ನು ಇನ್ನೊಬ್ಬರಿಗೆ ಕೊಡಬಹುದು, ಜೇಬಿನಲ್ಲಿಟ್ಟುಕೊಂಡು ತಡವಾಗಿ ಹೋದರೂ ಹಿಟ್ಟು ಸಿಗುತ್ತದೆ. 'ದೆನ್' ಎಂದು ಬರೆದು ಮುಂದಿನ ಕೆಲಸವನ್ನೂ, 'ಕ್ಯಾಚ್' ಎಂದು ಬರೆದು ಕೆಟ್ಟರೆ ಮಾಡಬೇಕಾದುದನ್ನೂ ಸರಪಳಿಯಂತೆ ಪೋಣಿಸಬಹುದು. ನಡುವಿನ ಯಾವ ಹಂತ ಕೆಟ್ಟರೂ ವಿಷಯ ಕೊನೆಯ 'ಕ್ಯಾಚ್'ಗೆ ತಲುಪುತ್ತದೆ. ಒಂದು ಷರತ್ತು ಮಾತ್ರ ಇದೆ. 'ದೆನ್' ಒಳಗೆ ಮತ್ತೊಂದು ಕೋರಿಕೆ ಕಳುಹಿಸಿದರೆ ಅದರ ಚೀಟಿಯನ್ನು ಹಿಂತಿರುಗಿಸಲು ಮರೆಯಬಾರದು. ಮರೆತರೆ ಸರಪಳಿ ಅಲ್ಲಿಯೇ ಕಳಚುತ್ತದೆ, ಮುಂದಿನ ಹಂತ ಬರಿಗೈಯಲ್ಲಿ ಹೊರಡುತ್ತದೆ.

ಚೀಟಿಯನ್ನು ಕಲಸಿ ರೊಟ್ಟಿ ತಟ್ಟಲಾಗದು. ಆದರೂ ಪರದೆಯ ಮೇಲೆ 'ಆಬ್ಜೆಕ್ಟ್ ಪ್ರಾಮಿಸ್' ಎಂಬ ಬರಹ ಕಾಣಿಸಿಕೊಳ್ಳುವ ಪುಟಗಳಿಗೆ ಕೊರತೆಯಿಲ್ಲ. ಉತ್ತರದ ಜಾಗದಲ್ಲಿ ಚೀಟಿಯನ್ನೇ ಇಟ್ಟಾಗ ಆಗುವುದು ಹೀಗೆ.

2017ರಲ್ಲಿ ಭಾಷೆಗೆ ಸೇರಿದ 'ಅಸಿಂಕ್' ಮತ್ತು 'ಅವೇಟ್' ಪದಗಳು ಬರವಣಿಗೆಯನ್ನು ಇನ್ನಷ್ಟು ಹಗುರಗೊಳಿಸಿದವು. ಸಿ ಶಾರ್ಪ್ ಭಾಷೆಯಲ್ಲಿ 2012ರಲ್ಲಿಯೇ ಇದೇ ಬಗೆಯ ಏರ್ಪಾಡಿತ್ತು. ಕೋರಿಕೆಯ ಮುಂದೆ 'ಅವೇಟ್' ಎಂದು ಬರೆದರೆ ಸಾಲುಗಳು ಮೇಲಿನಿಂದ ಕೆಳಗೆ ಸಹಜವಾಗಿ ಓದಿಕೊಳ್ಳುತ್ತವೆ. ಫಂಕ್ಷನ್ ಆ ಸಾಲಿನಲ್ಲಿ ತಂಗುತ್ತದೆ, ಪುಟ ತಂಗುವುದಿಲ್ಲ. ಒಂಟಿ ಕೆಲಸಗಾರ ಅಷ್ಟರಲ್ಲಿ ಬೇರೆ ಕೆಲಸ ನೋಡಿಕೊಳ್ಳುತ್ತಾನೆ. ಆದರೆ 'ಅಸಿಂಕ್' ಎಂದು ಗುರುತಿಸಿದ ಫಂಕ್ಷನ್ ತನ್ನನ್ನು ಕರೆದವರಿಗೆ ಕೊಡುವುದು ಮತ್ತೆ ಚೀಟಿಯನ್ನೇ. ಕಾಯುವ ಹೊಣೆ ಅವರಿಗೂ ತಪ್ಪಿದ್ದಲ್ಲ.

ಈ ಸರಾಗತೆಯೇ ಹೊಸ ತಪ್ಪುಗಳಿಗೂ ದಾರಿಯಾಗಿದೆ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕೋರಿಕೆಗಳನ್ನು ಮೂರು 'ಅವೇಟ್' ಸಾಲುಗಳಲ್ಲಿ ಬರೆದರೆ, ತಲಾ ಒಂದು ಸೆಕೆಂಡಿನಂತೆ ಮೂರು ಸೆಕೆಂಡು ಬೇಕಾಗುತ್ತದೆ. ಮೂರನ್ನೂ ಒಟ್ಟಿಗೆ ಹೊರಡಿಸಿ 'ಪ್ರಾಮಿಸ್ ಆಲ್' ಮೂಲಕ ಕಾದರೆ ಸುಮಾರು ಒಂದು ಸೆಕೆಂಡು ಸಾಕು. ಆದರೆ 'ಆಲ್' ಎಂಬುದು ಕಟ್ಟುನಿಟ್ಟಿನದು. ಒಂದು ಕೆಟ್ಟರೂ ಒಟ್ಟಾರೆ ಕೆಟ್ಟಿತೆಂದು ಘೋಷಿಸುತ್ತದೆ. ಬಂದಷ್ಟನ್ನು ತೋರಿಸಬೇಕೆನ್ನುವವರಿಗೆ 2020ರಿಂದ 'ಆಲ್ ಸೆಟಲ್ಡ್' ಇದೆ. ಪಟ್ಟಿಯ ಮೇಲೆ 'ಫಾರ್ ಈಚ್' ನಡೆಸಿ ಅದರೊಳಗೆ 'ಅವೇಟ್' ಬರೆಯುವವರೂ ಮೋಸ ಹೋಗುತ್ತಾರೆ. 'ಫಾರ್ ಈಚ್' ಚೀಟಿಗಳತ್ತ ಕಣ್ಣೆತ್ತಿಯೂ ನೋಡದು.

ಹಸಿರು ಅಕ್ಷರಗಳ ರಹಸ್ಯ

ಈಗ ಸೈಬರ್ ಸೆಂಟರಿನ ವಿದ್ಯಾರ್ಥಿನಿಯ ಕಡೆಗೆ ಮರಳಬಹುದು. ಎಕ್ಸ್‌ಎಂಎಲ್ ಎಚ್‌ಟಿಟಿಪಿ ರಿಕ್ವೆಸ್ಟ್‌ಗೆ ಬದಲಾಗಿ 2015ರಿಂದ ಬ್ರೌಸರುಗಳಲ್ಲಿ 'ಫೆಚ್' ಎಂಬ ಹೊಸ ವಿಧಾನ ಬಂದಿದೆ. ಅದು ಚೀಟಿ ಪದ್ಧತಿಯದು. ಆದರೆ 'ಕೆಟ್ಟಿತು' ಎಂಬುದಕ್ಕೆ ಫೆಚ್ ಕೊಡುವ ಅರ್ಥ ಬೇರೆ. ಸಂಪರ್ಕ ಕಡಿದುಹೋದರೆ, ಅಥವಾ ಬೇರೆ ತಾಣದ ಉತ್ತರವನ್ನು ಭದ್ರತೆಯ ಕಾರಣಕ್ಕೆ ಬ್ರೌಸರ್ ತಡೆದರೆ ಮಾತ್ರ ಅದು ಕೆಟ್ಟಿತು ಎನ್ನುತ್ತದೆ. ಸರ್ವರ್ 'ಅಂತಹ ಪುಟವಿಲ್ಲ' ಎಂದು 404 ಕಳುಹಿಸಲಿ, 'ನನ್ನಲ್ಲೇ ದೋಷವಿದೆ' ಎಂದು 500 ಕಳುಹಿಸಲಿ, ಫೆಚ್ ದೃಷ್ಟಿಯಲ್ಲಿ ಅದು ಯಶಸ್ವೀ ಉತ್ತರವೇ. ಪತ್ರ ತಲುಪಿಸುವುದು ಅಂಚೆಯವನ ಕೆಲಸ, ಒಳಗೆ ಏನು ಬರೆದಿದೆ ಎಂಬುದು ಅವನಿಗೆ ಸಂಬಂಧಿಸಿದ್ದಲ್ಲ ಎಂಬ ಧೋರಣೆ ಇದು.

ಕಡೆಯ ದಿನದ ನೂಕುನುಗ್ಗಲಿನಲ್ಲಿ ಸರ್ವರ್ ಬಸವಳಿದು 500 ಅಥವಾ 503 ಎಂದು ಉತ್ತರಿಸಿದೆ. ಪ್ರೋಗ್ರಾಮರ್ 'ಉತ್ತರ ಬಂದರೆ ಹಸಿರು ಸಂದೇಶ ತೋರಿಸು, ಕೆಟ್ಟರೆ ಕೆಂಪು' ಎಂದು ಬರೆದಿದ್ದಾನೆ. ಉತ್ತರ ಬಂದಿದೆ, ಹಸಿರು ಕಂಡಿದೆ. ಜೇಕ್ವೆರಿಯಲ್ಲಿ 404, 500ಗಳು ತಾವಾಗಿಯೇ ದೋಷದ ದಾರಿಗೆ ಹೋಗುತ್ತಿದ್ದವು. ಆ ಅಭ್ಯಾಸದಿಂದ ಫೆಚ್‌ಗೆ ಬಂದವರು ಈ ಬಲೆಗೆ ಸುಲಭವಾಗಿ ಬೀಳುತ್ತಾರೆ. ಫೆಚ್ ಅನ್ನು ಹೀಗೆ ರೂಪಿಸಿದ್ದಕ್ಕೆ ಸಮರ್ಥನೆ ಇರಬಹುದು, ಆದರೆ ಬಳಸುವವರ ಸಹಜ ನಿರೀಕ್ಷೆಗೆ ಅದು ವಿರುದ್ಧವಾಗಿದೆ ಎಂಬುದನ್ನು ಅಲ್ಲಗಳೆಯಲಾಗದು.

ಪರಿಹಾರ ಒಂದೇ ಸಾಲಿನದು. ಉತ್ತರದ ಜತೆ 'ಓಕೆ' ಎಂಬ ಗುರುತು ಬರುತ್ತದೆ. ಸಂಕೇತ ಸಂಖ್ಯೆ 200ರಿಂದ 299ರೊಳಗಿದ್ದರೆ ಮಾತ್ರ ಅದು ನಿಜ. ನಿಜವಲ್ಲದಿದ್ದರೆ ಪ್ರೋಗ್ರಾಮರ್ ತಾನೇ ದೋಷವನ್ನು ಎತ್ತಿ 'ಕ್ಯಾಚ್' ಕಡೆಗೆ ಕಳುಹಿಸಬೇಕು. ಅಷ್ಟಕ್ಕೇ ಮುಗಿಯದು. ಫೆಚ್‌ನ ಮೊದಲ ಚೀಟಿ ಬಿಡುಗಡೆಯಾಗುವುದು ಉತ್ತರದ ತಲೆಬರಹಗಳು ಬಂದಾಗ. ಒಡಲು ಇನ್ನೂ ದಾರಿಯಲ್ಲಿರಬಹುದು. ಆದ್ದರಿಂದಲೇ ಜೇಸನ್ ಓದಲು ಎರಡನೆಯ 'ಅವೇಟ್' ಬೇಕು. ಸಂಪರ್ಕ ನಡುವೆ ಕಡಿದರೆ, ಅಥವಾ ಜೇಸನ್ ಬದಲು ದೋಷದ ಪುಟವೊಂದು ಬಂದಿದ್ದರೆ ಈ ಎರಡನೆಯ ಹಂತದಲ್ಲಿ ಕೆಡುತ್ತದೆ. ಅರ್ಜಿಯಂತಹ ವಿಷಯದಲ್ಲಿ 200 ಕಂಡರೂ ತೃಪ್ತರಾಗದೆ, ಸರ್ವರ್ ಕೊಟ್ಟ ಸ್ವೀಕೃತಿ ಸಂಖ್ಯೆ ಒಡಲಿನಲ್ಲಿ ಇದೆಯೇ ಎಂದು ನೋಡಿ, ಅದನ್ನೇ ಪರದೆಯ ಮೇಲೆ ತೋರಿಸುವುದು ಲೇಸು.

ದೋಷವನ್ನು ಹಿಡಿದು ಸುಮ್ಮನೆ ನುಂಗುವ ಖಾಲಿ 'ಕ್ಯಾಚ್' ಮತ್ತೊಂದು ಅಪಾಯ. ಪರದೆಯಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ, ಏನಾಯಿತೆಂದು ಯಾರಿಗೂ ತಿಳಿಯದು. ಚಕ್ರವನ್ನು ನಿಲ್ಲಿಸುವ ಕೆಲಸವನ್ನು 'ಫೈನಲಿ' ಭಾಗದಲ್ಲಿಟ್ಟರೆ ಗೆದ್ದರೂ ಸೋತರೂ ಅದು ನಿಲ್ಲುತ್ತದೆ. ಸರ್ವರಿನ ಕಡೆ ಈ ವಿಷಯದಲ್ಲಿ ಬಿಗಿ ಹೆಚ್ಚಿದೆ. 2020ರ ಅಕ್ಟೋಬರಿನಲ್ಲಿ ಬಂದ ನೋಡ್‌ಜೆಎಸ್ 15ನೇ ಆವೃತ್ತಿಯಿಂದ ಯಾರೂ ಹಿಡಿಯದೆ ಬಿಟ್ಟ ಪ್ರಾಮಿಸ್ ದೋಷವು ಇಡೀ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಅದಕ್ಕೂ ಹಿಂದೆ ಎಚ್ಚರಿಕೆಯ ಒಂದು ಸಾಲು ಮುದ್ರಿಸಿ ಮುಂದುವರಿಯುತ್ತಿತ್ತು.

ತಡವಾಗಿ ಬಂದ ಹಳೆಯ ಉತ್ತರ

ಬಸ್ ಟಿಕೆಟಿನ ಪುಟದಲ್ಲಿ ಊರಿನ ಹೆಸರು ಟೈಪ್ ಮಾಡುವಾಗ ಪ್ರತಿ ಅಕ್ಷರಕ್ಕೂ ಒಂದು ಕೋರಿಕೆ ಹೋಗುತ್ತದೆ ಎನ್ನೋಣ. 'ಚಿಕ್ಕ' ಎಂದಾಗ ಒಂದು, 'ಚಿಕ್ಕಮಗಳೂರು' ಎಂದು ಮುಗಿಸಿದಾಗ ಇನ್ನೊಂದು. ಕಳುಹಿಸಿದ ಕ್ರಮದಲ್ಲಿಯೇ ಉತ್ತರಗಳು ಬರುತ್ತವೆಂಬ ಖಾತರಿಯಿಲ್ಲ. 'ಚಿಕ್ಕ'ದ ದೊಡ್ಡ ಪಟ್ಟಿ ತಡವಾಗಿ ಬಂದು, ಸರಿಯಾಗಿ ತೋರಿಸಿದ್ದ ಚಿಕ್ಕಮಗಳೂರನ್ನು ಅಳಿಸಿ ಚಿಕ್ಕಬಳ್ಳಾಪುರವನ್ನು ಮೇಲೆ ಕೂರಿಸಬಹುದು. ಅವಸರದಲ್ಲಿ ಒತ್ತಿದವನು ಬೇರೆಯೇ ಊರಿನ ಟಿಕೆಟ್ ಪಡೆದಿರುತ್ತಾನೆ. ಪ್ರೋಗ್ರಾಮಿನ ಪ್ರತಿ ಸಾಲೂ ಸರಿಯಿದ್ದು ಒಟ್ಟು ಫಲ ತಪ್ಪಾಗುವ ಸನ್ನಿವೇಶವಿದು. ಪರೀಕ್ಷೆಯ ವೇಳೆ ನೂರು ಸಲ ಸರಿಯಾಗಿ ನಡೆದು ನೂರೊಂದನೆಯ ಸಲ ಕೈಕೊಡುವುದರಿಂದ ಹಿಡಿಯುವುದೂ ಕಷ್ಟ.

ಪ್ರತಿ ಕೋರಿಕೆಗೂ ಕ್ರಮಸಂಖ್ಯೆ ಕೊಟ್ಟು, ಉತ್ತರ ಬಂದಾಗ ಅದು ಇತ್ತೀಚಿನ ಸಂಖ್ಯೆಯದೇ ಎಂದು ನೋಡಿ, ಅಲ್ಲದಿದ್ದರೆ ಕೈಬಿಡುವುದು ಹಳೆಯ ಹಾಗೂ ನಂಬಬಹುದಾದ ಉಪಾಯ. 2017ರಿಂದ ಬ್ರೌಸರುಗಳಿಗೆ ಬಂದ 'ಅಬಾರ್ಟ್ ಕಂಟ್ರೋಲರ್' ಮೂಲಕ ಹಿಂದಿನ ಕೋರಿಕೆಯನ್ನೇ ರದ್ದುಪಡಿಸಬಹುದು. ಟೈಪಿಂಗ್ ಅರೆಕ್ಷಣ ನಿಂತ ಮೇಲಷ್ಟೇ ಕೋರಿಕೆ ಕಳುಹಿಸಿದರೆ ಸರ್ವರಿನ ಹೊರೆಯೂ ಇಳಿಯುತ್ತದೆ. ಆದರೆ ಕೊನೆಯದು ಒಂದೇ ಸಾಲದು, ಉತ್ತರಗಳ ಕ್ರಮದ ಸಮಸ್ಯೆ ಅದರಿಂದ ಕಡಿಮೆಯಾದೀತೇ ಹೊರತು ನಿವಾರಣೆಯಾಗದು.

ಫೆಚ್‌ಗೆ ತಾನಾಗಿ ಕಾಲಮಿತಿಯನ್ನು ಹೇಳುವ ಏರ್ಪಾಡಿಲ್ಲ. ಹತ್ತು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಬಿಟ್ಟುಬಿಡು ಎನ್ನಬೇಕಾದರೆ ಇದೇ ರದ್ದತಿಯ ಸಾಧನವನ್ನು ಬಳಸಬೇಕು. ಇಲ್ಲೊಂದು ಎಚ್ಚರ ಅಗತ್ಯ. ರದ್ದು ಮಾಡಿದ್ದು ಕಾಯುವಿಕೆಯನ್ನು ಮಾತ್ರ. ಕೋರಿಕೆ ಅಷ್ಟರಲ್ಲಿ ಸರ್ವರನ್ನು ತಲುಪಿ, ಅರ್ಜಿ ದಾಖಲಾಗಿ ಅಥವಾ ಹಣ ಕಡಿತವಾಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. 'ವಿಫಲವಾಗಿದೆ, ಮತ್ತೆ ಪ್ರಯತ್ನಿಸಿ' ಎಂದು ಪುಟ ಹೇಳಿದರೆ ಬಳಕೆದಾರ ಮತ್ತೆ ಒತ್ತುತ್ತಾನೆ, ಶುಲ್ಕ ಎರಡು ಸಲ ಹೋಗುತ್ತದೆ.

ಮಾಹಿತಿ ಓದುವ ಕೋರಿಕೆಯನ್ನು ಎಷ್ಟು ಸಲ ಮರಳಿ ಕಳುಹಿಸಿದರೂ ನಷ್ಟವಿಲ್ಲ. ಬರೆಯುವ ಕೋರಿಕೆಗೆ ಬೇರೆ ಕ್ರಮ ಬೇಕು. ಅರ್ಜಿಯ ಪುಟ ತೆರೆದಾಗಲೇ ಅದಕ್ಕೊಂದು ಗುರುತಿನ ಸಂಖ್ಯೆ ಸೃಷ್ಟಿಸಿ, ಪ್ರತಿ ಪ್ರಯತ್ನದಲ್ಲೂ ಅದೇ ಸಂಖ್ಯೆಯನ್ನು ಜತೆಗೆ ಕಳುಹಿಸಲಾಗುತ್ತದೆ. ಆ ಸಂಖ್ಯೆಯ ಅರ್ಜಿ ಆಗಲೇ ದಾಖಲಾಗಿದ್ದರೆ ಸರ್ವರ್ ಹೊಸದೊಂದನ್ನು ಸೃಷ್ಟಿಸದೆ ಹಿಂದೆ ಕೊಟ್ಟಿದ್ದ ಸ್ವೀಕೃತಿಯನ್ನೇ ಮರಳಿ ಕಳುಹಿಸುತ್ತದೆ. ಆಗ ವಿದ್ಯಾರ್ಥಿನಿ ಮೂರು ಸಲ ಗುಂಡಿ ಒತ್ತಿದರೂ ದಾಖಲಾಗುವುದು ಒಂದೇ ಅರ್ಜಿ, ಪರದೆಯ ಮೇಲೆ ಕಾಣುವುದು ಒಂದೇ ಸ್ವೀಕೃತಿ ಸಂಖ್ಯೆ.